ಗಾರ್ಮಿನ್ ಝೀರೋ ಸಿ1 ಪ್ರೊ: ಪೆಟ್ಟಿಗೆಯ ಮೇಲಿನ ವೇಗ ಬೇರೆ, ನಿಮ್ಮ ಪಿಸ್ತೂಲಿನ ವೇಗ ಬೇರೆ

ಫೆಡರಲ್ ಕಂಪನಿಯ ಅಮೆರಿಕನ್ ಈಗಲ್ 9 ಎಂಎಂ ತೋಟಾಗಳಲ್ಲಿ 115 ಗ್ರೇನ್ (ಗ್ರೇನ್ ಎಂದರೆ ಗುಂಡಿನ ತೂಕದ ಅಳತೆ) ಗುಂಡಿಗೆ ಕಂಪನಿ ಹೇಳುವ ವೇಗ ಸೆಕೆಂಡಿಗೆ 1180 ಅಡಿ. 124 ಗ್ರೇನ್‌ಗೆ 1150, 147 ಗ್ರೇನ್‌ಗೆ 1000. ಈ ಅಂಕಿಗಳಲ್ಲಿ ಮೋಸವೇನೂ ಇಲ್ಲ, ಆದರೆ ಅವು ನಿಮ್ಮ ಕೈಯಲ್ಲಿರುವ ಪಿಸ್ತೂಲಿನವಲ್ಲ. ಅಮೆರಿಕದ ತೋಟಾ ತಯಾರಕರು ಪಾಲಿಸುವ ಸಾಮಿ ಮಾನಕದ ಪ್ರಕಾರ 9 ಎಂಎಂ ತೋಟಾವನ್ನು 4 ಇಂಚಿನ ಪರೀಕ್ಷಾ ಬ್ಯಾರೆಲ್‌ನಲ್ಲಿ ಹೊಡೆದು ಅಳೆಯುತ್ತಾರೆ. ಆ ಬ್ಯಾರೆಲ್‌ನ ಚೇಂಬರ್ (ತೋಟಾ ಕೂರುವ ಭಾಗ) ಬಿಗಿ, ಒಳ ಅಳತೆಗಳು ಕರಾರುವಾಕ್ಕು. ಅಂಗಡಿಯಲ್ಲಿ ಸಿಗುವ 3.1 ಇಂಚಿನ ಸಿಗ್ ಪಿ365 ಆಗಲಿ, 5.31 ಇಂಚಿನ ಗ್ಲಾಕ್ 34 ಆಗಲಿ, ಅದೇ ತೋಟಾಕ್ಕೆ ಬೇರೆಯದೇ ವೇಗ ಕೊಡುತ್ತವೆ. ಎಷ್ಟು ಬೇರೆ ಎಂಬುದು ಅಳೆಯದೆ ತಿಳಿಯುವುದಿಲ್ಲ. ಹಾಗೆ ಅಳೆಯಲು ಇವತ್ತು ಸಿಗುವ ಸಾಧನಗಳಲ್ಲಿ ಗಾರ್ಮಿನ್ ಝೀರೋ ಸಿ1 ಪ್ರೊ ಪಿಸ್ತೂಲಿನವರಿಗೆ ಅತ್ಯಂತ ಹೊಂದುವಂಥದ್ದು ಎಂಬುದು ನನ್ನ ಖಚಿತ ಅಭಿಪ್ರಾಯ. ಬೆಲೆ ಮಾತ್ರ ಎಲ್ಲರ ಕೈಗೆಟಕುವಂಥದ್ದಲ್ಲ.

ಇದು 2023ರ ಕೊನೆಯಲ್ಲಿ 599.99 ಡಾಲರ್ ಬೆಲೆಗೆ ಮಾರುಕಟ್ಟೆಗೆ ಬಂತು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ತೂಕ ನೂರು ಗ್ರಾಂ ಆಸುಪಾಸು. ಒಳಗಿರುವುದು ಡಾಪ್ಲರ್ ರಾಡಾರ್. ಗುಂಡು ಹೊರಟ ದಿಕ್ಕಿಗೆ ರೇಡಿಯೊ ತರಂಗ ಬಿಟ್ಟು, ಮರಳಿ ಬಂದದ್ದರ ಆವರ್ತನ ಎಷ್ಟು ಬದಲಾಗಿದೆ ಎಂಬುದರಿಂದ ವೇಗ ಹೇಳುತ್ತದೆ. ಸೆಕೆಂಡಿಗೆ 100 ಅಡಿಯಿಂದ 5000 ಅಡಿವರೆಗೆ ಅಳೆಯಬಲ್ಲದು, ಅಂದರೆ ಬಿಲ್ಲಿನ ಬಾಣದಿಂದ ಹಿಡಿದು ರೈಫಲ್ ಗುಂಡಿನವರೆಗೆ. ಬ್ಯಾಟರಿ ಒಳಗೇ ಇದ್ದು, ಯುಎಸ್‌ಬಿ-ಸಿ ಕೇಬಲ್‌ನಿಂದ ಚಾರ್ಜ್ ಆಗುತ್ತದೆ. ಕಂಪನಿ ಹೇಳುವುದು 6 ಗಂಟೆ. ನೀರಿಗೆ ಐಪಿಎಕ್ಸ್7 ದರ್ಜೆಯ ರಕ್ಷಣೆ ಇರುವುದರಿಂದ ಮಳೆ ಹನಿಗೆ ಹೆದರಬೇಕಿಲ್ಲ. ಜತೆಗೆ ಒಂದು ಪುಟ್ಟ ಟ್ರೈಪಾಡ್ ಕೊಡುತ್ತಾರೆ. ಕೆಳಗಿನ ತಿರುಪು ಕ್ಯಾಮೆರಾಗಳಿಗೆ ಬಳಸುವ ಕಾಲು ಇಂಚಿನದೇ ಆದ್ದರಿಂದ ಮನೆಯಲ್ಲಿರುವ ಯಾವ ಕ್ಯಾಮೆರಾ ಸ್ಟ್ಯಾಂಡ್ ಆದರೂ ಸಾಕು.

ಮೊದಲು ಬ್ಯಾರೆಲ್ ಉದ್ದದ ವಿಷಯ, ಯಾಕೆಂದರೆ ಈ ಯಂತ್ರ ತೋರಿಸುವ ಅಂಕಿಯನ್ನು ಅರ್ಥಮಾಡಿಕೊಳ್ಳಲು ಅದು ಬೇಕೇ ಬೇಕು. ಆಟೋ ಪಿಸ್ತೂಲಿನಲ್ಲಿ ಬ್ಯಾರೆಲ್ ಉದ್ದವೆಂದರೆ ಚೇಂಬರ್ ಕೂಡ ಸೇರಿದ ಲೆಕ್ಕ. ಸಾಮಿ ಮಿತಿಯಂತೆ 9 ಎಂಎಂ ತೋಟಾದ ಒಟ್ಟು ಉದ್ದ ಹೆಚ್ಚೆಂದರೆ 1.169 ಇಂಚು. 115 ಗ್ರೇನ್ ಗುಂಡಿನ ಬುಡ ಹಿಂಬದಿಯಿಂದ ಸುಮಾರು 0.6 ಇಂಚಿನಷ್ಟು ಮುಂದೆ ಕೂತಿರುತ್ತದೆ. ಹಾಗಾಗಿ 4 ಇಂಚಿನ ಬ್ಯಾರೆಲ್‌ನಲ್ಲಿ ಅನಿಲ ಆ ಗುಂಡನ್ನು ತಳ್ಳಲು ಸಿಗುವ ದಾರಿ 3.4 ಇಂಚು ಮಾತ್ರ. 3.1 ಇಂಚಿನದರಲ್ಲಿ 2.5 ಇಂಚು. ಮೇಲ್ನೋಟಕ್ಕೆ ಬ್ಯಾರೆಲ್ ಶೇ. 22ರಷ್ಟು ಗಿಡ್ಡ ಅನಿಸಿದರೂ ಗುಂಡಿನ ಓಟದ ದಾರಿ ಕಡಿಮೆಯಾಗಿದ್ದು ಶೇ. 26ರಷ್ಟು. ಬ್ಯಾರೆಲ್ ಗಿಡ್ಡವಾದಷ್ಟೂ ಒಂದೊಂದು ಕಾಲು ಇಂಚಿನ ಬೆಲೆ ಏರುತ್ತ ಹೋಗುವುದು ಇದರಿಂದಲೇ. 5ರಿಂದ 4ಕ್ಕೆ ಇಳಿದಾಗ ಕಳೆದುಕೊಂಡದ್ದಕ್ಕಿಂತ 4ರಿಂದ 3ಕ್ಕೆ ಇಳಿದಾಗ ಕಳೆದುಕೊಳ್ಳುವುದು ಹೆಚ್ಚು.

9 ಎಂಎಂನಲ್ಲಿ 3ರಿಂದ 5 ಇಂಚಿನ ನಡುವೆ, ಹಗುರ ಗುಂಡಿಗೆ ಇಂಚೊಂದಕ್ಕೆ ಸುಮಾರು 25ರಿಂದ 50 ಅಡಿ ವ್ಯತ್ಯಾಸ ಎಂದು ಇಟ್ಟುಕೊಂಡರೆ ಹೆಚ್ಚು ತಪ್ಪಾಗದು. ಭಾರದ 147 ಗ್ರೇನ್‌ಗೆ ಅದು 15ರಿಂದ 30. ಭಾರದ ಗುಂಡು ಯಾಕೆ ಕಡಿಮೆ ಕಳೆದುಕೊಳ್ಳುತ್ತದೆ? ಬ್ಯಾರೆಲ್‌ನ ಬಾಯಿಯ ಹತ್ತಿರ ಬಂದಾಗ ಉಳಿದಿರುವ ಒತ್ತಡ ಒಂದು ಇಂಚು ದೂರಕ್ಕೆ ಗುಂಡಿನ ವೇಗವನ್ನು ಎಷ್ಟು ಏರಿಸಬಲ್ಲದು ಎಂಬುದನ್ನು ಗುಂಡಿನ ತೂಕ ಮತ್ತು ಆಗಿನ ವೇಗ, ಎರಡರ ಗುಣಲಬ್ಧ ತೀರ್ಮಾನಿಸುತ್ತದೆ. ಆ ಗುಣಲಬ್ಧ ದೊಡ್ಡದಾದಷ್ಟೂ ಏರಿಕೆ ಸಣ್ಣದು. 115ನ್ನು 1180ರಿಂದ ಗುಣಿಸಿದರೆ 1,35,700. 147ನ್ನು 1000ದಿಂದ ಗುಣಿಸಿದರೆ 1,47,000. ಕೊನೆಯ ಇಂಚು ಭಾರದ ಗುಂಡಿಗೆ ಕೊಡುವುದೇ ಕಡಿಮೆ, ಹಾಗಾಗಿ ಅದನ್ನು ಕತ್ತರಿಸಿದರೆ ಹೋಗುವುದೂ ಕಡಿಮೆ. ಇನ್ನೊಂದು ಸಂಗತಿಯೂ ಇದೆ. 147 ಗ್ರೇನ್ ಗುಂಡು ಉದ್ದವಾಗಿರುತ್ತದೆ, ತೋಟಾದ ಒಟ್ಟು ಉದ್ದ ಮಾತ್ರ ಅದೇ ಮಿತಿಯಲ್ಲಿರಬೇಕು. ಆದ್ದರಿಂದ ಅದು ಕೇಸಿನೊಳಗೆ (ತೋಟಾದ ಹಿತ್ತಾಳೆ ಕವಚದೊಳಗೆ) ಆಳಕ್ಕೆ ಇಳಿಯುತ್ತದೆ, ಬುಡ ಹಿಂದಕ್ಕೆ ಸರಿಯುತ್ತದೆ, ತಳ್ಳುವ ದಾರಿ ಒಂದಿಷ್ಟು ಉದ್ದವಾಗುತ್ತದೆ. ಒಳಗಿನ ಜಾಗ ಕಮ್ಮಿಯಾಗುವುದರಿಂದ ಮದ್ದೂ ಕಡಿಮೆ ಹಾಕಬೇಕು, ಒತ್ತಡದ ಮಿತಿ ಮಾತ್ರ ಅದೇ: ಚದರ ಇಂಚಿಗೆ 35,000 ಪೌಂಡ್.

ಪಂದ್ಯ ಆಡುವವರಿಗೆ ಇದರ ನೇರ ಲಾಭ ಪವರ್ ಫ್ಯಾಕ್ಟರ್‌ನಲ್ಲಿ ಕಾಣುತ್ತದೆ. ಗ್ರೇನ್ ಲೆಕ್ಕದ ತೂಕವನ್ನು ವೇಗದಿಂದ ಗುಣಿಸಿ 1000ದಿಂದ ಭಾಗಿಸಿದರೆ ಬರುವುದೇ ಅದು. ಪಂದ್ಯ ನಡೆಸುವ ಅಂತಾರಾಷ್ಟ್ರೀಯ ಸಂಸ್ಥೆ ಐಪಿಎಸ್‌ಸಿ ಇರಲಿ, ಅಮೆರಿಕದ ಯುಎಸ್‌ಪಿಎಸ್‌ಎ ಇರಲಿ, ಕೆಳಗಿನ ದರ್ಜೆಯಾದ ಮೈನರ್‌ಗೆ 125 ಬೇಕು. ಅದಕ್ಕೆ 115 ಗ್ರೇನ್ ಗುಂಡು ಸೆಕೆಂಡಿಗೆ 1087 ಅಡಿ ಹೋಗಬೇಕು, 124 ಗ್ರೇನ್ 1009, 147 ಗ್ರೇನ್ 851. ಈಗ ಕೆಟ್ಟ ದಿನದ ಲೆಕ್ಕ ಹಾಕೋಣ. 115 ಗ್ರೇನ್ ತೋಟಾ, 3.1 ಇಂಚಿನ ಬ್ಯಾರೆಲ್: ಉದ್ದ ಕಮ್ಮಿಯಾದದ್ದಕ್ಕೆ 45 ಅಡಿ ಕಳೆಯಿರಿ, ಬ್ಯಾರೆಲ್ ಕೊಂಚ ಸಡಿಲವಿದ್ದರೆ 40, ಚಳಿ ಬೆಳಗಾದರೆ 20. 1180 ಹೋಗಿ 1075 ಆಯಿತು, ಫ್ಯಾಕ್ಟರ್ 123.6. ಫೇಲ್. 147 ಗ್ರೇನ್‌ಗೆ ಉದ್ದದ ಬಾಬ್ತು 27, ಮಿಕ್ಕಿದ್ದು ಅಷ್ಟೇ ಎಂದುಕೊಂಡರೂ 913 ಉಳಿಯುತ್ತದೆ, ಫ್ಯಾಕ್ಟರ್ 134. ಪಿಸ್ತೂಲು ಅದೇ, ದಿನವೂ ಅದೇ, ಆದರೆ ಒಂದು ತೋಟಾ ಅಂಕ ಕೊಡುತ್ತದೆ, ಇನ್ನೊಂದರಲ್ಲಿ ಇಡೀ ಪಂದ್ಯದ ಅಂಕವೇ ಹೋಗುತ್ತದೆ. ಯುಎಸ್‌ಪಿಎಸ್‌ಎ ಪಂದ್ಯದಲ್ಲಿ ನಿಮ್ಮಿಂದ 8 ತೋಟಾ ಪಡೆದು, ಒಂದರ ಗುಂಡು ಬಿಚ್ಚಿ ತೂಗಿ, ಮೂರು ಹೊಡೆದು ಸರಾಸರಿ ತೆಗೆಯುತ್ತಾರೆ. ಸಾಲದಿದ್ದರೆ ಮತ್ತೆ ಮೂರು. ಅಲ್ಲಿ ನಿಂತು ಪೆಟ್ಟಿಗೆ ತೋರಿಸಿದರೆ ಯಾರೂ ಕೇಳುವುದಿಲ್ಲ. ಮನೆಯಲ್ಲೇ ಅಳೆದು 130ರ ಮೇಲೆ ಇಟ್ಟುಕೊಂಡು ಹೋಗುವುದು ಸರಿಯಾದ ದಾರಿ.

ಒಂದೇ ಉದ್ದದ ಎರಡು ಬ್ಯಾರೆಲ್‌ಗಳ ನಡುವೆ 20ರಿಂದ 40 ಅಡಿ ವ್ಯತ್ಯಾಸ ಅಪರೂಪವಲ್ಲ ಎಂಬುದನ್ನು ಹೊಸಬರು ನಂಬುವುದೇ ಇಲ್ಲ. ಚೇಂಬರ್‌ನ ಸಡಿಲು, ರೈಫ್ಲಿಂಗ್ (ಒಳಗಿನ ತಿರುಚು ಗೀರುಗಳು) ಶುರುವಾಗುವ ಜಾಗ, ಒಳಮೈಯ ನುಣುಪು, ಒಳವ್ಯಾಸದಲ್ಲಿ ಕೂದಲೆಳೆಯ ಅಂತರ, ಎಲ್ಲವೂ ಸೇರಿ ಹಾಗಾಗುತ್ತದೆ. ಹೀಗಾಗಿ ಗೆಳೆಯನ 4 ಇಂಚಿನ ಪಿಸ್ತೂಲು ನಿಮ್ಮ 4.5 ಇಂಚಿನದಕ್ಕಿಂತ ವೇಗ ಕೊಟ್ಟರೆ ಯಂತ್ರ ಕೆಟ್ಟಿದೆ ಎಂದುಕೊಳ್ಳಬೇಡಿ. ಉದ್ದದ ನಿಯಮ ಸರಾಸರಿಗೆ ಅನ್ವಯಿಸುವಂಥದ್ದು, ಬಿಡಿ ಬಿಡಿ ಬ್ಯಾರೆಲ್‌ಗೆ ಅದು ಭರವಸೆ ಕೊಡುವುದಿಲ್ಲ.

ಕ್ಯಾಲಿಬರ್ ಬದಲಾದರೆ ಇಂಚಿನ ಬೆಲೆಯೂ ಬದಲಾಗುತ್ತದೆ. .45 ಎಸಿಪಿಯ ಒತ್ತಡದ ಮಿತಿ ಬರೀ 21,000 ಪೌಂಡ್. ಬ್ಯಾರೆಲ್ ಅಗಲ, ಗುಂಡು ಒಂದು ಇಂಚು ಸರಿದರೂ ಅನಿಲಕ್ಕೆ ಹರಡಿಕೊಳ್ಳಲು ಜಾಗ ಜಾಸ್ತಿ. ಒತ್ತಡ ಬೇಗ ಇಳಿದುಹೋಗುವುದರಿಂದ 230 ಗ್ರೇನ್ ಗುಂಡಿಗೆ 5 ಇಂಚಿನಿಂದ 4ಕ್ಕೆ ಇಳಿದಾಗ ಹೋಗುವುದು ಸಾಮಾನ್ಯವಾಗಿ 20-30 ಅಡಿ ಅಷ್ಟೇ. ಇದಕ್ಕೆ ತದ್ವಿರುದ್ಧ .357 ಮ್ಯಾಗ್ನಮ್. ಅದರಲ್ಲಿ ಉದ್ದ ಕೇಸು, ನಿಧಾನಕ್ಕೆ ಉರಿಯುವ ಮದ್ದು, ಅದೂ ಹೆಚ್ಚು ಪ್ರಮಾಣದಲ್ಲಿ. 125 ಗ್ರೇನ್ ಗುಂಡಿಗೆ 4 ಇಂಚಿನ ಪರೀಕ್ಷಾ ಬ್ಯಾರೆಲ್‌ನಲ್ಲಿ 1450 ಅಡಿ ಹೇಳುತ್ತಾರೆ, 2 ಇಂಚಿನ ಗಿಡ್ಡ ರಿವಾಲ್ವರ್‌ನಲ್ಲಿ 200 ಅಡಿ ಕೈಬಿಡುವುದು ಮಾಮೂಲು. ಮದ್ದಿನ ಪಾಲೊಂದು ಬ್ಯಾರೆಲ್‌ನಿಂದ ಹೊರಗೆ ಉರಿದು ಬೆಂಕಿಯಾಗಿ ಕಾಣುತ್ತದೆ. ಹಾಗೆಂದು ಗಿಡ್ಡ ಬ್ಯಾರೆಲ್‌ಗೆ ಬೇಗ ಉರಿಯುವ ಮದ್ದೇ ಹೆಚ್ಚು ವೇಗ ಕೊಡುತ್ತದೆ ಎಂಬ ಮಾತನ್ನು ನಂಬಬೇಡಿ. ಕೈಬಂದೂಕಿನ ಉದ್ದಗಳಲ್ಲಿ ಉದ್ದ ಬ್ಯಾರೆಲ್‌ಗೆ ಹೆಚ್ಚು ವೇಗ ಕೊಟ್ಟ ಮದ್ದೇ ಗಿಡ್ಡ ಬ್ಯಾರೆಲ್‌ನಲ್ಲೂ ಬಹುತೇಕ ಮುಂದಿರುತ್ತದೆ. ಎರಡರ ಅಂತರ ಕಿರಿದಾಗುತ್ತದೆ, ತಲೆಕೆಳಗಾಗುವುದು ಅಪರೂಪ. ಬೇಗ ಉರಿಯುವ ಮದ್ದಿನಿಂದ ಸಿಗುವ ನಿಜವಾದ ಲಾಭ ಬೆಂಕಿ ಕಡಿಮೆ, ಸದ್ದು ಕಡಿಮೆ.

ರಿವಾಲ್ವರ್‌ಗಳ ವಿಷಯದಲ್ಲಿ ಅಳತೆಯ ಪದ್ಧತಿಯೇ ಬೇರೆ. ಅಲ್ಲಿ ಬ್ಯಾರೆಲ್ ಉದ್ದವೆಂದರೆ ಸಿಲಿಂಡರ್ ಬಿಟ್ಟ ಲೆಕ್ಕ. 4 ಇಂಚಿನ ರಿವಾಲ್ವರ್‌ನಲ್ಲಿ ಗುಂಡು ಸಿಲಿಂಡರ್‌ನಲ್ಲಿ ಓಡಿದ ದಾರಿ ಬೇರೆ, ಬ್ಯಾರೆಲ್‌ನ 4 ಇಂಚು ಬೇರೆ. ಅದನ್ನು 4 ಇಂಚಿನ ಆಟೋ ಪಿಸ್ತೂಲಿನ ಪಕ್ಕ ಇಟ್ಟು ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಜತೆಗೆ ಸಿಲಿಂಡರ್ ಮತ್ತು ಬ್ಯಾರೆಲ್ ನಡುವಿನ ಸಂದಿನಿಂದ ಅನಿಲ ಸೋರುತ್ತದೆ. ಸಂದು 4 ಸಾವಿರಾಂಶ ಇಂಚು ಇದ್ದರೆ ಒಳ್ಳೆಯದು, 8 ಸಾವಿರಾಂಶಕ್ಕೆ ಬಂದರೆ ವೇಗ ಇಳಿದದ್ದು ಕಣ್ಣಿಗೆ ಕಾಣುತ್ತದೆ. ಫೀಲರ್ ಗೇಜ್ ಒಂದಿದ್ದರೆ, ಸಿಲಿಂಡರ್ ಖಾಲಿ ಇದೆ ಎಂದು ಖಾತ್ರಿ ಮಾಡಿಕೊಂಡು, ಎರಡು ನಿಮಿಷದಲ್ಲಿ ಅಳೆಯಬಹುದು. ವೇಗ ಕಡಿಮೆ ಬಂತೆಂದು ತೋಟಾ ಕಂಪನಿಯನ್ನು ಬೈಯುವ ಮುಂಚೆ ಇದನ್ನು ನೋಡಿ. .38 ಸ್ಪೆಷಲ್‌ನಲ್ಲಿ ಇನ್ನೊಂದು ತೊಡಕಿದೆ. ಕೇಸು ದೊಡ್ಡದು, ಮದ್ದು ಚೂರೇ ಚೂರು. ಮದ್ದು ಅದನ್ನು ಹೊತ್ತಿಸುವ ಪ್ರೈಮರ್ ಕಡೆ ಜಾರಿದೆಯೋ ಗುಂಡಿನ ಕಡೆ ಜಾರಿದೆಯೋ ಎಂಬುದರ ಮೇಲೆಯೇ ಹತ್ತಾರು ಅಡಿ ಏರುಪೇರಾಗುತ್ತದೆ. ಪ್ರತಿ ಹೊಡೆತಕ್ಕೂ ರಿವಾಲ್ವರನ್ನು ಗುರಿಗೆ ತರುವ ರೀತಿ ಒಂದೇ ಇರಲಿ, ಇಲ್ಲದಿದ್ದರೆ ನೀವು ತೋಟಾವನ್ನಲ್ಲ, ನಿಮ್ಮ ಕೈಯ ಚಲನೆಯನ್ನು ಅಳೆಯುತ್ತಿರುತ್ತೀರಿ.

ತಯಾರಕರಿಗೆ ಇದೆಲ್ಲ ಚೆನ್ನಾಗಿ ಗೊತ್ತು. ಗಿಡ್ಡ ಬ್ಯಾರೆಲ್‌ಗೆಂದೇ ಮಾಡಿದ ತೋಟಾಗಳನ್ನು ನೋಡಿ: ಸ್ಪೀರ್ ಗೋಲ್ಡ್ ಡಾಟ್ ಶಾರ್ಟ್ ಬ್ಯಾರೆಲ್ .38 ಸ್ಪೆಷಲ್ +ಪಿಯಲ್ಲಿ (ಹೆಚ್ಚು ಒತ್ತಡದ ತೋಟಾ) 135 ಗ್ರೇನ್ ಗುಂಡು, ವೇಗ 860 ಅಡಿ, ಅದೂ ಸುಮಾರು 2 ಇಂಚಿನ ಬ್ಯಾರೆಲ್‌ನಲ್ಲಿ ಅಳೆದದ್ದು. ಫೆಡರಲ್ ಎಚ್‌ಎಸ್‌ಟಿ ಮೈಕ್ರೋ 9 ಎಂಎಂಗೆ 150 ಗ್ರೇನ್, 900 ಅಡಿ. ವೇಗದ ಬೆನ್ನು ಹತ್ತುವುದು ಬಿಟ್ಟು ತೂಕ ಏರಿಸಿ, ಆ ಕಡಿಮೆ ವೇಗಕ್ಕೆ ತಕ್ಕಂತೆ ಗುಂಡನ್ನೇ ವಿನ್ಯಾಸ ಮಾಡಿದ್ದಾರೆ. ಪೆಟ್ಟಿಗೆಯ ಮೇಲೆ ಯಾವ ಬ್ಯಾರೆಲ್‌ನ ಅಂಕಿ ಎಂದು ಬರೆಯುವ ಕಂಪನಿಗಳ ಬಗ್ಗೆ ನನಗೆ ಗೌರವ. ಬರೆಯದವರ ಅಂಕಿಯನ್ನು ಅಳೆಯದೆ ನಂಬುವುದಿಲ್ಲ.

ಇನ್ನು ಯಂತ್ರವನ್ನು ಇಡುವ ವಿಧಾನ. ನಳಿಗೆಯ ಬಾಯಿಗಿಂತ ಕೊಂಚ ಹಿಂದೆ, ಪಕ್ಕಕ್ಕೆ 5ರಿಂದ 15 ಇಂಚು ದೂರದಲ್ಲಿ, ಮುಖ ಗುರಿಯ ಕಡೆ ಇರುವಂತೆ ಇಡಬೇಕು. ಬಲಗಡೆ ಕೇಸು ಎಸೆಯುವ ಪಿಸ್ತೂಲಾದರೆ ಎಡಗಡೆ ಇಡಿ, ಇಲ್ಲವಾದರೆ ಬಿಸಿ ಹಿತ್ತಾಳೆ ಪ್ರತಿ ಹೊಡೆತಕ್ಕೂ ಅದರ ಮೇಲೆ ಬೀಳುತ್ತದೆ. ಬಾಯಿಗಿಂತ ಮುಂದೆ ಇಟ್ಟರೆ ಅನಿಲದ ಹೊಡೆತಕ್ಕೆ ಆ ಹಗುರ ಟ್ರೈಪಾಡ್ ಉರುಳುತ್ತದೆ. ರಿವಾಲ್ವರ್‌ಗೆ ಇನ್ನೂ ಎಚ್ಚರ ಬೇಕು: ಸಿಲಿಂಡರ್ ಸಂದಿನಿಂದ ಪಕ್ಕಕ್ಕೆ ಚಿಮ್ಮುವ ಬಿಸಿ ಅನಿಲ ಮತ್ತು ಸೀಸದ ಚೂರು ಸೀದಾ ಪಕ್ಕದಲ್ಲಿರುವ ವಸ್ತುವಿಗೇ ಬಡಿಯುತ್ತದೆ. 2 ಇಂಚಿನ ಬ್ಯಾರೆಲ್‌ನಲ್ಲಿ ಆ ಸಂದು ಬಾಯಿಯಿಂದ ಎರಡೇ ಇಂಚು ಹಿಂದೆ, ಅಂದರೆ ಯಂತ್ರ ಇಡಬೇಕಾದ ಸಾಲಿನಲ್ಲೇ. ಹಾಗಾಗಿ ಯಂತ್ರವನ್ನು ಇನ್ನಷ್ಟು ಹಿಂದಕ್ಕೆ ಸರಿಸಿ, ಎತ್ತರವನ್ನು ಸಂದಿಗಿಂತ ಚೆನ್ನಾಗಿ ಕೆಳಗೆ ಇಡಿ. ಅನಿಲವನ್ನು ಬೇರೆಡೆಗೆ ತಿರುಗಿಸಿ ಬಾಯಿಯ ಜಿಗಿತ ತಗ್ಗಿಸುವ ಕಾಂಪೆನ್ಸೇಟರ್ ಇದ್ದರೂ ಇದೇ ಮಾತು.

ಚಾಲೂ ಮಾಡಿ ಹೊಸ ಸೆಷನ್ ತೆರೆದರೆ ರೈಫಲ್, ಪಿಸ್ತೂಲು, ಬಿಲ್ಲು, ಏರ್ ರೈಫಲ್ ಇತ್ಯಾದಿ ಆಯ್ಕೆ ಕೇಳುತ್ತದೆ. ಪಿಸ್ತೂಲು ಆರಿಸಿ ಗುಂಡಿನ ತೂಕ ಹಾಕಿದರೆ ಮುಗಿಯಿತು. ಕೆಲಸ ಕೊಡದ ಸಂದರ್ಭಗಳಲ್ಲಿ ಹತ್ತಕ್ಕೆ ಒಂಬತ್ತು ಪಾಲು ಕಾರಣ ಇಲ್ಲೇ ಇರುತ್ತದೆ: ಹಿಂದಿನ ವಾರ ರೈಫಲ್‌ಗೆ ಇಟ್ಟದ್ದನ್ನು ಬದಲಿಸದೆ ಪಿಸ್ತೂಲು ಹೊಡೆದರೆ ಯಂತ್ರ ಬೇರೆ ವೇಗದ ಪಟ್ಟಿಯಲ್ಲಿ ಹುಡುಕುತ್ತದೆ, ಹೊಡೆತಗಳು ದಾಖಲಾಗುವುದಿಲ್ಲ. ತೂಕ ತಪ್ಪು ಹಾಕಿದರೆ ವೇಗಕ್ಕೆ ಏನೂ ಆಗದು, ಆದರೆ ಶಕ್ತಿ ಮತ್ತು ಪವರ್ ಫ್ಯಾಕ್ಟರ್ ಎರಡೂ ಹಾಳು. 124 ಇರಬೇಕಾದಲ್ಲಿ 147 ಎಂದು ಹಾಕಿದರೆ ಫ್ಯಾಕ್ಟರ್ ಶೇ. 18ಕ್ಕೂ ಹೆಚ್ಚು ಉಬ್ಬಿ ಕಾಣುತ್ತದೆ, ಪಂದ್ಯದ ದಿನ ಬಣ್ಣ ಬಯಲಾಗುತ್ತದೆ.

ಪಿಸ್ತೂಲಿನವರು ರೈಫಲ್‌ನವರಂತೆ ಮರಳುಚೀಲದ ಮೇಲೆ ಒಂದೇ ಕಡೆ ಇಟ್ಟು ಹೊಡೆಯುವುದಿಲ್ಲ. ಕೈ ಅತ್ತಿತ್ತ ಸರಿಯುತ್ತದೆ, ಬಾಯಿ ಒಮ್ಮೆ ಮುಂದೆ ಒಮ್ಮೆ ಹಿಂದೆ. ಮುಂಗೈಯನ್ನಾದರೂ ಚೀಲದ ಮೇಲೆ ಊರಿ, ಪ್ರತಿ ಸಲ ಅದೇ ಜಾಗಕ್ಕೆ ತನ್ನಿ. ಯಂತ್ರದ ಮುಖ ಗುಂಡಿನ ದಾರಿಗೆ ಸಮಾನಾಂತರವಾಗಿರಲಿ. ರಾಡಾರ್‌ಗಳು ನೋಡುವುದು ತಮ್ಮಿಂದ ದೂರ ಸರಿಯುವ ವೇಗವನ್ನು. ಬರೀ ರೇಖಾಗಣಿತದ ಲೆಕ್ಕದಲ್ಲಿ 5 ಡಿಗ್ರಿ ಕೋನಕ್ಕೆ ಬರುವ ವ್ಯತ್ಯಾಸ 1000 ಅಡಿಗೆ 4 ಅಡಿ. ಚಿಂತಿಸುವಂಥದ್ದಲ್ಲ. ಅದಕ್ಕಿಂತ ಹೆಚ್ಚು ಕೋನವಾದರೆ ಗುಂಡು ಕಿರಣದ ಹೊರಗೇ ಹೋಗಿ ಹೊಡೆತವೇ ತಪ್ಪಬಹುದು. ಗುರಿಹಲಗೆಯನ್ನು ರೇಂಜ್ ಬಿಡುವಷ್ಟು ದೂರಕ್ಕೆ ಕಳಿಸಿ. ಮತ್ತೆ, ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ: ಯಂತ್ರ ನಳಿಗೆಯ ಪಕ್ಕದಲ್ಲಿರುವುದರಿಂದ ಗುಂಡಿ ಒತ್ತಲು ಕೈ ಚಾಚುವ ಮುಂಚೆ ಪಿಸ್ತೂಲು ಖಾಲಿ ಮಾಡಿ, ಸ್ಲೈಡ್ ತೆರೆದು, ಕೆಳಗಿಡಿ. ತುಂಬಿದ ಪಿಸ್ತೂಲು ಒಂದು ಕೈಯಲ್ಲಿ, ಇನ್ನೊಂದು ಕೈ ನಳಿಗೆಯ ಬಾಯಿಯ ಹತ್ತಿರ, ಇದು ಎಂದಿಗೂ ಆಗಬಾರದು.

ಸರಾಸರಿ, ಹೆಚ್ಚು-ಕಡಿಮೆಯ ಅಂತರ, ಪ್ರಮಾಣ ವಿಚಲನೆ (ಹೊಡೆತಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ಎಲ್ಲವನ್ನೂ ಪರದೆಯೇ ತೋರಿಸುತ್ತದೆ. ಬೇಡದ ಹೊಡೆತ ಅಳಿಸಬಹುದು, ಶಾಟ್‌ವ್ಯೂ ಆಪ್‌ಗೆ ಬ್ಲೂಟೂತ್ ಮೂಲಕ ಕಳಿಸಿ ಅಲ್ಲಿಂದ ಪಟ್ಟಿ ಇಳಿಸಿಕೊಳ್ಳಬಹುದು. ಇಷ್ಟು ಸುಲಭವಾಗಿ ಅಂಕಿ ಸಿಕ್ಕಾಗ ಮೂರು ಹೊಡೆದು ತೀರ್ಮಾನಕ್ಕೆ ಬರುವ ಆಸೆ ಹುಟ್ಟುತ್ತದೆ. ಬೇಡ. ವಿಚಲನೆ 12 ಅಡಿ ಇರುವ ತೋಟಾವನ್ನು 10 ಸಲ ಹೊಡೆದರೆ ಸರಾಸರಿಯ ಅನಿಶ್ಚಿತತೆ ಸುಮಾರು 4 ಅಡಿ, 3 ಸಲ ಮಾತ್ರ ಹೊಡೆದರೆ 7. ಹತ್ತತ್ತು ಹೊಡೆತದ ಎರಡು ತೋಟಾಗಳ ನಡುವೆ 10 ಅಡಿಗಿಂತ ಕಡಿಮೆ ವ್ಯತ್ಯಾಸ ಬಂದರೆ ಅದನ್ನು ವ್ಯತ್ಯಾಸ ಎಂದೇ ಕರೆಯಬೇಡಿ. ವಿಚಲನೆಯ ಅಂಕಿಯಂತೂ ಐದು ಹೊಡೆತದಲ್ಲಿ ಸ್ಥಿರವಾಗುವುದೇ ಇಲ್ಲ. ತೋಟಾಗಳನ್ನು ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಇಟ್ಟು ತಂದು ಅಳೆದರೆ ಬಂದ ವೇಗ ಸುಳ್ಳು, ಬಿಸಿಯೇರಿದ ಚೇಂಬರ್‌ನಲ್ಲಿ ತೋಟಾವನ್ನು ನಿಮಿಷಗಟ್ಟಲೆ ಬಿಟ್ಟರೂ ಅಷ್ಟೇ.

ವೇಗದ ಜತೆ ಗುರಿಯ ಎತ್ತರವೂ ಬದಲಾಗುತ್ತದೆ, ಆದರೆ ಅನೇಕರು ಊಹಿಸುವ ದಿಕ್ಕಿಗಲ್ಲ. ಹತ್ತಿರದ ದೂರಗಳಲ್ಲಿ ನಿಧಾನದ ಭಾರ ಗುಂಡು ಹಗುರ ಗುಂಡಿಗಿಂತ ಮೇಲೆ ಬೀಳುತ್ತದೆ. ಅದು ಬ್ಯಾರೆಲ್‌ನಲ್ಲಿ ಹೆಚ್ಚು ಹೊತ್ತು ಇರುತ್ತದೆ, ಅಷ್ಟರಲ್ಲಿ ಹಿಂದೊದೆತಕ್ಕೆ ಬಾಯಿ ಮೇಲೇಳುತ್ತದೆ. 115ಕ್ಕೆ ಸರಿಹೊಂದಿಸಿದ ರೆಡ್ ಡಾಟ್ (ಕೆಂಪು ಚುಕ್ಕೆಯ ಗುರಿಸಾಧನ) ಇಟ್ಟುಕೊಂಡು 147 ಹೊಡೆಯುವವರು ಮತ್ತೆ ಹೊಂದಿಸಿಕೊಳ್ಳಲೇಬೇಕು. ಇನ್ನೊಂದು ಸಣ್ಣ ವಿಷಯ: 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದದ ವೇಗ ಸುಮಾರು 1125 ಅಡಿ. ಗಿಡ್ಡ ಬ್ಯಾರೆಲ್‌ನಲ್ಲಿ 115 ಗ್ರೇನ್ ಗುಂಡು ಆ ಗೆರೆಯ ಆಚೀಚೆಯೇ ಓಡಾಡುವುದರಿಂದ ಕೆಲವು ಹೊಡೆತಕ್ಕೆ ಚಾಟಿಯ ಸದ್ದು ಬರುತ್ತದೆ, ಕೆಲವಕ್ಕೆ ಇಲ್ಲ. ತೋಟಾ ಕೆಟ್ಟಿದೆ ಎಂದು ಗಾಬರಿಯಾಗುವವರಿದ್ದಾರೆ, ಅದರಲ್ಲಿ ಕೆಡುಕೇನಿಲ್ಲ.

ಭಾರತದಿಂದ ಓದುವವರಿಗೆ ಒಂದೆರಡು ಮಾತು. ನಮ್ಮಲ್ಲಿ 9 ಎಂಎಂ ನಿಷೇಧಿತ ಬೋರ್, ಲೈಸೆನ್ಸ್ ಇರುವ ಸಾಮಾನ್ಯರ ಕೈಗೆ ಬರುವುದು .32 ರಿವಾಲ್ವರ್ ಮತ್ತು .32 ಪಿಸ್ತೂಲು, ಶೂಟಿಂಗ್ ಕ್ರೀಡೆಯವರಿಗೆ .22. ಮೇಲಿನ ಲೆಕ್ಕ ಅಲ್ಲಿಗೂ ಸಲ್ಲುತ್ತದೆ. .22 ತೋಟಾದ ಪೆಟ್ಟಿಗೆಯ ವೇಗ ಸಾಮಾನ್ಯವಾಗಿ ರೈಫಲ್ ಬ್ಯಾರೆಲ್‌ನದ್ದು. ಸಿಸಿಐ ಸ್ಟ್ಯಾಂಡರ್ಡ್ ವೆಲಾಸಿಟಿಯ 40 ಗ್ರೇನ್ ಗುಂಡಿಗೆ 1070 ಎಂದಿರುತ್ತದೆ. ಅಂತಾರಾಷ್ಟ್ರೀಯ ಶೂಟಿಂಗ್ ಒಕ್ಕೂಟವಾದ ಐಎಸ್‌ಎಸ್‌ಎಫ್ ನಿಯಮದಂತೆ 25 ಮೀಟರ್ ಪಿಸ್ತೂಲಿನ ಬ್ಯಾರೆಲ್ 153 ಮಿಲಿಮೀಟರ್ ಮೀರುವಂತಿಲ್ಲ, ಅಷ್ಟರಲ್ಲಿ 1000 ಕೂಡ ಮುಟ್ಟುವುದಿಲ್ಲ. ಅದಕ್ಕಾಗಿ ತಲೆಕೆಡಿಸಿಕೊಳ್ಳಬೇಡಿ. 950 ಅಡಿ ಮತ್ತು 920 ಅಡಿ ವೇಗದ ಎರಡು ಹೊಡೆತಗಳ ನಡುವೆ 25 ಮೀಟರ್‌ನಲ್ಲಿ ಬೀಳುವ ಎತ್ತರದ ಅಂತರ 3 ಮಿಲಿಮೀಟರ್ ಕೂಡ ಇಲ್ಲ, ಪ್ರಿಸಿಷನ್ ಗುರಿಯ ಹತ್ತರ ವೃತ್ತ 50 ಮಿಲಿಮೀಟರ್ ಅಗಲ. ಅಲ್ಲಿ ನೋಡಬೇಕಾದದ್ದು ಗುಂಪು ಎಷ್ಟು ಬಿಗಿಯಾಗಿ ಬೀಳುತ್ತದೆ, ಪಿಸ್ತೂಲು ತಡೆಯಿಲ್ಲದೆ ಆಡುತ್ತದೆಯೇ ಎಂಬುದನ್ನು. ವೇಗ ತುಂಬ ಇಳಿದರೆ ಸ್ಲೈಡ್ ಪೂರ್ತಿ ಹಿಂದೆ ಸರಿಯದೆ ಕೇಸು ಸಿಕ್ಕಿಕೊಳ್ಳುತ್ತದೆ, ಅದೊಂದೇ ಕಾರಣಕ್ಕೆ ಅಳೆಯುವುದು ಉಪಯುಕ್ತ.

ಹಳೆಯ ಸಾಧನಗಳಿಗೆ ಹೋಲಿಸಿದರೆ ಝೀರೋದ ಗೆಲುವು ಸ್ಪಷ್ಟ. ಬೆಳಕಿನ ಪರದೆ ಇರುವ ಕ್ರೋನೋಗ್ರಾಫ್‌ಗಳನ್ನು (ಗುಂಡಿನ ವೇಗಮಾಪಕ) ಬಾಯಿಯಿಂದ ಹತ್ತು ಹದಿನೈದು ಅಡಿ ಮುಂದೆ ನಿಲ್ಲಿಸಬೇಕು. ಅಂದರೆ ಪ್ರತಿ ಸಲ ಇಡೀ ರೇಂಜ್ ನಿಲ್ಲಿಸಿ ಮುಂದೆ ನಡೆಯಬೇಕು, ಟ್ಯೂಬ್‌ಲೈಟ್‌ನ ಮಿನುಗಿಗೆ ತಪ್ಪು ಅಂಕಿ ಬರುತ್ತದೆ, ಕೈ ಸ್ವಲ್ಪ ಕೆಳಗಾದರೆ ಯಂತ್ರಕ್ಕೇ ಗುಂಡು. ಒಳಾಂಗಣ ರೇಂಜ್‌ಗಳಲ್ಲಿ ಅವನ್ನು ಬಿಡುವುದೂ ಇಲ್ಲ. ಬ್ಯಾರೆಲ್‌ಗೆ ಕಟ್ಟುವ ಮ್ಯಾಗ್ನೆಟೋಸ್ಪೀಡ್ ರೈಫಲ್‌ಗೆ ಚೆನ್ನ, ಸ್ಲೈಡ್ ಹಿಂದೆ ಮುಂದೆ ಓಡುವ ಪಿಸ್ತೂಲಿಗೆ ಕಟ್ಟುವುದೇ ಪಡಿಪಾಟಲು. ಹಳೆಯ ಲ್ಯಾಬ್‌ರಾಡಾರ್ ಒಳ್ಳೆಯ ಯಂತ್ರ, ಆದರೆ ದೊಡ್ಡದು, ಹೊಡೆತದ ಸದ್ದಿನಿಂದ ಎಚ್ಚರಗೊಳ್ಳುವಂಥದ್ದಾದ್ದರಿಂದ ಪಕ್ಕದ ಲೇನಿನ ಸದ್ದಿಗೂ ಎಚ್ಚರಗೊಳ್ಳುತ್ತಿತ್ತು. ಝೀರೋಗೆ ಅಂಥ ಸದ್ದಿನ ಹಂಗಿಲ್ಲ.

ಕೊರತೆಗಳೂ ಇವೆ. ಬ್ಯಾಟರಿಯನ್ನು ನಾವೇ ಬದಲಿಸಲಾಗದು, ವರ್ಷಗಳು ಕಳೆದು ಅದು ಸೊರಗಿದರೆ ಇಡೀ ಯಂತ್ರದ ಪ್ರಶ್ನೆ. ಕೊಟ್ಟಿರುವ ಟ್ರೈಪಾಡ್ ಮೇಜಿಗೆ ಸಾಕು, ನಿಂತು ಹೊಡೆಯುವ ಪಿಸ್ತೂಲಿನವರಿಗೆ ಸಾಲದು. ಎದೆಯೆತ್ತರದ ಕ್ಯಾಮೆರಾ ಸ್ಟ್ಯಾಂಡ್ ಒಂದನ್ನು ಸೇರಿಸಿಯೇ ಲೆಕ್ಕ ಹಾಕಿ, ಅದರ ಕೊಕ್ಕೆಗೆ ನೀರಿನ ಬಾಟಲಿಯನ್ನಾದರೂ ತೂಗುಬಿಟ್ಟರೆ ಗಾಳಿಗೆ ಬೀಳುವುದಿಲ್ಲ.

ಅಂಗಡಿಯ 9 ಎಂಎಂ ತಂದು ತಿಂಗಳಿಗೊಮ್ಮೆ ಹಲಗೆಗೆ ಹೊಡೆಯುವವರು ಇದಕ್ಕೆ ದುಡ್ಡು ಹಾಕಬೇಕಿಲ್ಲ. ಮೇಲೆ ಹೇಳಿದ ಇಂಚಿನ ಲೆಕ್ಕದಲ್ಲೇ ಅಂದಾಜು ಸಿಗುತ್ತದೆ. ತಾವೇ ತೋಟಾ ತುಂಬಿಸುವವರು, ಪವರ್ ಫ್ಯಾಕ್ಟರ್ ದಾಟಲೇಬೇಕಾದವರು, 3 ಇಂಚಿನ ಪಿಸ್ತೂಲಿಗೆ ಯಾವ ತೂಕ ಸರಿ ಎಂದು ಹುಡುಕುತ್ತಿರುವವರು ಕೊಳ್ಳಲಿ. ಮೂರು ನಾಲ್ಕು ಗೆಳೆಯರು ಸೇರಿ ಒಂದನ್ನು ಕೊಂಡರೂ ಆದೀತು, ದಿನವೂ ಬೇಕಾಗುವ ವಸ್ತುವಲ್ಲ ಇದು. ಇನ್ನೂ ಅಗ್ಗ ಬೇಕೆಂದರೆ 2024ರಲ್ಲಿ ಬಂದ ಅಥ್ಲಾನ್ ರೇಂಜ್‌ಕ್ರಾಫ್ಟ್ ವೆಲಾಸಿಟಿ ಪ್ರೊ ಕೂಡ ರಾಡಾರ್ ಯಂತ್ರವೇ, ಇದಕ್ಕಿಂತ ಸಾಕಷ್ಟು ಕಡಿಮೆ ಬೆಲೆಗೆ ಸಿಗುತ್ತದೆ. ಯಾವುದನ್ನೇ ಕೊಂಡರೂ ಮೊದಲ ದಿನ ನಿಮಗೆ ಚೆನ್ನಾಗಿ ಪರಿಚಯವಿರುವ ಒಂದೇ ಲಾಟಿನ ತೋಟಾ ಹತ್ತು ಹೊಡೆದು, ಪೆಟ್ಟಿಗೆಯ ಮೇಲೆ ಲಾಟ್ ಸಂಖ್ಯೆ, ದಿನದ ತಾಪಮಾನ, ಬ್ಯಾರೆಲ್ ಉದ್ದ, ಬಂದ ಸರಾಸರಿ ಬರೆದು, ಆ ಪೆಟ್ಟಿಗೆಯಲ್ಲಿ ಉಳಿದದ್ದನ್ನು ಎತ್ತಿಡಿ. ಮುಂದೆ ಯಾವತ್ತಾದರೂ ಅಂಕಿ ವಿಚಿತ್ರವಾಗಿ ಬಂದಾಗ ತಪ್ಪು ಯಂತ್ರದ್ದೋ ಹೊಸ ತೋಟಾದ್ದೋ ಎಂದು ಆ ಪೆಟ್ಟಿಗೆಯಿಂದ ಐದು ಹೊಡೆದರೆ ಗೊತ್ತಾಗುತ್ತದೆ.